ನೆಲವೂ ಜನವೂ
(ಮಾನವ ಭೂಗೋಳಶಾಸ್ತ್ರದ ಕೆಲವು ಮೂಲಭಾವನೆಗಳು)

ಭೂಗೋಳವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಪಾಠಶಾಲೆಯ ಗೋಡೆಯ ಮೇಲಿನ ಭೂಪಟ, ನದಿಗಳ ಹೆಸರು, ರಾಜಧಾನಿಗಳ ಹೆಸರು, ಇವನ್ನೆಲ್ಲ ಬಾಯಿಪಾಠ ಮಾಡಿದ ಕಷ್ಟ. ಆದರೆ ಭೂಗೋಳದಲ್ಲಿ ಇನ್ನೊಂದು ಶಾಖೆಯುಂಟು. ಅದು ನೆಲವನ್ನು ಮಾತ್ರವಲ್ಲದೆ, ನೆಲದ ಮೇಲೆ ಬಾಳುವ ಜನವನ್ನೂ, ಅವೆರಡಕ್ಕೂ ಇರುವ ಸಂಬಂಧವನ್ನೂ ವಿಚಾರಿಸುವ ಶಾಖೆ. ಇದಕ್ಕೆ ಮಾನವ ಭೂಗೋಳಶಾಸ್ತ್ರವೆಂದು ಹೆಸರು. ಒಂದು ಕಡೆಯ ಜನ ರಾಗಿಯನ್ನುಣ್ಣುವುದೇಕೆ, ಮತ್ತೊಂದು ಕಡೆಯವರು ಕುರಿಯ ಹಿಂದೆ ಅಲೆಯುವುದೇಕೆ, ಒಂದೂರು ಬೆಳೆದು ಪಕ್ಕದ ಊರು ಕುಗ್ಗುವುದೇಕೆ ಎಂಬುವು ಈ ಶಾಸ್ತ್ರದ ಪ್ರಶ್ನೆಗಳು. ಇವೆಲ್ಲಕ್ಕೂ ತಳಹದಿಯಾದ ಪ್ರಶ್ನೆ ಒಂದೇ: ನೆಲವು ಜನವನ್ನು ರೂಪಿಸುತ್ತದೆಯೆ, ಜನವು ನೆಲವನ್ನು ರೂಪಿಸುತ್ತದೆಯೆ?

ಶಾಸ್ತ್ರದ ಮಾತನ್ನು ಬರಿಯ ಶಾಸ್ತ್ರವಾಗಿ ಹೇಳಿದರೆ ಕೇಳುವವರಿಗೆ ಬೇಸರವಾಗುವುದು ಸಹಜ. ಆದುದರಿಂದ ನಮ್ಮ ನಾಡಿನದೇ ಒಂದು ತಾಲ್ಲೂಕನ್ನು ಮುಂದಿಟ್ಟುಕೊಂಡು, ಈ ಶಾಸ್ತ್ರದ ಹಿರಿಯರು ಹೇಳಿದ ಮಾತುಗಳನ್ನು ಅಲ್ಲಿಯ ಮಣ್ಣಿನಲ್ಲಿ ಒರೆಗೆ ಹಚ್ಚಿ ನೋಡೋಣ. ನಾನು ಆರಿಸಿಕೊಂಡಿರುವುದು ಚಿತ್ರದುರ್ಗದ ಜಿಲ್ಲೆಗೆ ಸೇರಿದ ಹೊಸದುರ್ಗದ ತಾಲ್ಲೂಕನ್ನು. ಅದು ಜಗತ್ಪ್ರಸಿದ್ಧವಾದ ಸ್ಥಳವೇನೂ ಅಲ್ಲ. ಆದರೆ ಪ್ರಸಿದ್ಧಿಯಿಲ್ಲದ ಸ್ಥಳದಲ್ಲಿಯೂ ನಿಲ್ಲುವ ಸಿದ್ಧಾಂತವೇ ಸಿದ್ಧಾಂತ.

ಮೊದಲು ಆ ಸೀಮೆಯ ಊರುಗಳ ಹೆಸರನ್ನೇ ನೋಡಿರಿ. ಹೊಸದುರ್ಗ, ಚಿತ್ರದುರ್ಗ ಎಂಬಲ್ಲಿ ಕೋಟೆಯುಂಟು. ಹೊಳಲ್ಕೆರೆ, ಚಳ್ಳಕೆರೆ, ಮಾಡದಕೆರೆ ಎಂಬಲ್ಲಿ ಕೆರೆಯುಂಟು. ಬಲ್ಲಾಳಸಮುದ್ರದಲ್ಲಿ ಕೆರೆಯೇ ಸಮುದ್ರದ ಪದವಿಯನ್ನು ಪಡೆದಿದೆ. ಮಳೆ ಕಡಮೆಯಾದ ನಾಡಿನಲ್ಲಿ ಜನರು ನೀರಿಗೆ ಕೊಟ್ಟ ಮರ್ಯಾದೆ ಅದು. ಸಣ್ಣ ಸಣ್ಣ ಊರುಗಳ ಹೆಸರಿನ ಕೊನೆಯಲ್ಲಿ ಹಟ್ಟಿ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ; ಅದು ದನ ಕುರಿಗಳೊಡನೆ ಬಾಳಿದವರ ಗುರುತು. ಹೀಗೆ ಕೋಟೆ, ಕೆರೆ, ಹಟ್ಟಿ ಎಂಬ ಮೂರು ಮಾತುಗಳಲ್ಲಿ ಆ ನಾಡಿನ ರಾಜಕೀಯ, ಬೇಸಾಯ, ಪಶುಪಾಲನೆಗಳ ಚರಿತ್ರೆಯೆಲ್ಲ ಅಡಗಿದೆ. ಊರ ಹೆಸರು ಜನರು ನೆಲದ ಮೇಲೆ ಬರೆದ ಶಾಸನ.

ಇನ್ನು ನೆಲದ ಸ್ವರೂಪ. ಪಶ್ಚಿಮ ಘಟ್ಟಗಳೂ ಬಾಬಾಬುಡನ್ ಗಿರಿಗಳೂ ಮುಂಗಾರಿನ ಮೋಡಗಳಿಂದ ತಮ್ಮ ಪಾಲನ್ನು ಧಾರಾಳವಾಗಿ ತೆಗೆದುಕೊಂಡ ಮೇಲೆ, ಉಳಿದುದು ಈ ಸೀಮೆಗೆ ಬರುತ್ತದೆ. ಚಿತ್ರದುರ್ಗದ ಜಿಲ್ಲೆಯ ಬಹುಭಾಗದಲ್ಲಿ ವರ್ಷದ ಮಳೆ 20ರಿಂದ 25 ಅಂಗುಲಗಳ ಆಸುಪಾಸು. ಪಡುವಲ ಹೊಳಲ್ಕೆರೆಯಿಂದ ಮೂಡಲ ಚಳ್ಳಕೆರೆಗೆ ಹೋದ ಹಾಗೆ ಅದು ಇನ್ನೂ ಇಳಿಯುತ್ತದೆ. ಬರುವ ಮಳೆಯಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳದು. ಕಡೂರಿನ ಕಡೆಯಲ್ಲಿ ವೇದಾ, ಅವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗಿ, ಹೊಸದುರ್ಗದ ಸೀಮೆಯನ್ನು ಹಾದು ಹಿರಿಯೂರಿನ ಕಡೆಗೆ ಹರಿಯುತ್ತದೆ. ಕಲ್ಲುಗುಡ್ಡ, ಕೆಂಪು ನೆಲ, ಅಲ್ಲಲ್ಲಿ ಎರೆ, ವರ್ಷದಲ್ಲಿ ಬಹುಕಾಲ ಮರಳಷ್ಟೇ ಕಾಣುವ ಹೊಳೆ: ಪ್ರಕೃತಿ ಕೊಟ್ಟ ಬಂಡವಾಳ ಇಷ್ಟು.

ಈ ಬಂಡವಾಳವೇ ಜನರ ಹಣೆಬರಹವೆ? ಹೌದೆಂದು ಹೇಳಿದ ಪಂಡಿತರುಂಟು. ಆಧುನಿಕ ಭೂಗೋಳಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಜರ್ಮನಿಯ ಹುಂಬೋಲ್ಟ್ ಮತ್ತು ರಿಟ್ಟರ್ ಎಂಬ ಇಬ್ಬರು. ಇಬ್ಬರೂ 1859ರಲ್ಲಿಯೇ ತೀರಿಕೊಂಡರು. ಅವರ ತರುವಾಯ ಬಂದ ಫ್ರೀಡ್ರಿಕ್ ರಾಟ್ಸೆಲ್ (1844–1904) 1882ರಲ್ಲಿ ತನ್ನ ಮಾನವ ಭೂಗೋಳದ ಮೊದಲ ಸಂಪುಟವನ್ನು ಪ್ರಕಟಿಸಿ, ಮನುಷ್ಯಸಮಾಜವನ್ನು ಅದರ ನೆಲೆಯಿಂದ ಬೇರ್ಪಡಿಸಿ ತಿಳಿಯುವುದು ಸಾಧ್ಯವಿಲ್ಲವೆಂದು ತೋರಿಸಿದನು. ಆತನ ಶಿಷ್ಯೆಯಾದ ಎಲೆನ್ ಸೆಂಪಲ್ ಎಂಬ ಅಮೆರಿಕದ ವಿದುಷಿ 1911ರ ತನ್ನ ಗ್ರಂಥದಲ್ಲಿ ಈ ವಾದವನ್ನು ಇನ್ನೂ ಬಿಗಿಯಾಗಿ ಮಂಡಿಸಿದಳು. ಬೆಟ್ಟ, ಬಯಲು, ಕಡಲತೀರಗಳು ಜನರ ಕಸುಬನ್ನಷ್ಟೇ ಅಲ್ಲ, ಸ್ವಭಾವವನ್ನೂ ನಿರ್ಣಯಿಸುತ್ತವೆಂಬುದು ಈ ಪಂಥದವರ ಮತ. ಇದನ್ನು ನಿಸರ್ಗನಿಯತಿವಾದವೆಂದು ಕರೆಯಬಹುದು.

ಈ ವಾದದಲ್ಲಿ ಸತ್ಯಾಂಶವಿಲ್ಲವೆನ್ನುವಂತಿಲ್ಲ. ಇಪ್ಪತ್ತು ಅಂಗುಲದ ಮಳೆಯಲ್ಲಿ ಮಲೆನಾಡಿನ ಭತ್ತದ ಗದ್ದೆಯನ್ನು ಯಾರೂ ಮಾಡಲಾರರು. ಆದರೆ ಇದರ ಅಪಾಯವೂ ಸಣ್ಣದಲ್ಲ. 1915ರಲ್ಲಿ ಎಲ್ಸ್‌ವರ್ತ್ ಹಂಟಿಂಗ್ಟನ್ ಎಂಬಾತನು ನಾಗರಿಕತೆಗೂ ಹವೆಗೂ ಗಂಟುಹಾಕಿ, ಸಮಶೀತೋಷ್ಣದೇಶದ ಜನರೇ ಉದ್ಯೋಗಶೀಲರು, ಉಷ್ಣದೇಶದವರು ಜಡರು ಎಂಬ ಅರ್ಥ ಬರುವಂತೆ ವಾದಿಸಿದನು. ಪರರನ್ನು ಆಳುವವರಿಗೆ ಇದಕ್ಕಿಂತ ಅನುಕೂಲವಾದ ಶಾಸ್ತ್ರ ಯಾವುದು? ರಾಟ್ಸೆಲ್ಲನ 'ಜೀವಾವಕಾಶ'ವೆಂಬ ಮಾತನ್ನು ಮುಂದೆ ಹಿಟ್ಲರನ ಪಕ್ಷದವರು ನೆರೆರಾಜ್ಯಗಳನ್ನು ನುಂಗುವುದಕ್ಕೆ ನೆಪಮಾಡಿಕೊಂಡುದನ್ನು ಲೋಕವೇ ಕಂಡಿತು. ನಮ್ಮ ಮಟ್ಟಿಗೆ ಹೇಳುವುದಾದರೆ, ಒಂದು ಸೀಮೆಗೆ 'ಬರದ ನಾಡು' ಎಂಬ ಹೆಸರು ಕೊಟ್ಟು ಸುಮ್ಮನಾಗುವುದೂ ಇದೇ ವಾದದ ಮರಿ. ಎಲ್ಲವೂ ಮಳೆಯ ತಪ್ಪಾದ ಮೇಲೆ ಮನುಷ್ಯರಲ್ಲಿ ಯಾರೂ ಹೊಣೆಗಾರರಲ್ಲವಷ್ಟೆ.

1876ರಿಂದ 1878ರ ವರೆಗೆ ಬಂದ ದೊಡ್ಡ ಕ್ಷಾಮವನ್ನು ನೆನೆಯಿರಿ. 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ತಪ್ಪಿದುದು ನಿಜ. ಆದರೆ ಮಳೆ ತಪ್ಪಿದ ವರ್ಷಗಳು ತರುವಾಯವೂ ಎಷ್ಟೋ ಬಂದುವು. ಅಷ್ಟು ಜನ ಸಾಯಲಿಲ್ಲ. ದಾರಿ, ರೈಲು, ಧಾನ್ಯದ ಸಾಗಣೆ, ಕೂಲಿ, ಸರ್ಕಾರದ ಎಚ್ಚರ ಇವು ಬದಲಾದುವು. ಬರ ಆಕಾಶದಿಂದ ಬರುತ್ತದೆ. ಕ್ಷಾಮಕ್ಕೆ ನೆಲದ ಮೇಲಿನ ವ್ಯವಸ್ಥೆಯ ಸಹಾಯವೂ ಬೇಕು.

ನಿಯತಿವಾದಕ್ಕೆ ತಕ್ಕ ಉತ್ತರ ಫ್ರಾನ್ಸಿನಿಂದ ಬಂದಿತು. ವಿದಾಲ್ ದ ಲಾ ಬ್ಲಾಶ್ (1845–1918) ಎಂಬ ಆಚಾರ್ಯನು, ಪ್ರಕೃತಿ ಆಜ್ಞೆ ಮಾಡುವುದಿಲ್ಲ, ಹಲವು ಸಾಧ್ಯತೆಗಳನ್ನು ಮುಂದೊಡ್ಡುತ್ತದೆ, ಅವುಗಳಲ್ಲಿ ಆರಿಸಿಕೊಳ್ಳುವವನು ಮನುಷ್ಯನು ಎಂಬ ಅಭಿಪ್ರಾಯವನ್ನು ಬೆಳೆಸಿದನು. ಚರಿತ್ರಕಾರನಾದ ಲ್ಯೂಸಿಯೆನ್ ಫೆಬ್ರ್ 1922ರ ತನ್ನ ಗ್ರಂಥದಲ್ಲಿ ಈ ಮತಕ್ಕೆ ಸ್ಪಷ್ಟರೂಪ ಕೊಟ್ಟನು. ಇದು ಸಾಧ್ಯತಾವಾದ. ವಿದಾಲನು ಬಳಕೆಗೆ ತಂದ ಇನ್ನೊಂದು ಭಾವನೆ 'ಜೀವನಕ್ರಮ'ವೆಂಬುದು. ಒಂದು ಜನಾಂಗವು ತನ್ನ ನೆಲದೊಡನೆ ಬಹುಕಾಲ ಒಗ್ಗಿ ಬಾಳಿ ಗಳಿಸಿಕೊಂಡ ಆಹಾರ, ಮನೆ, ಉಪಕರಣ, ಹಬ್ಬ, ನಂಬಿಕೆಗಳ ಒಟ್ಟು ರೂಪವೇ ಜೀವನಕ್ರಮ.

ಹೊಸದುರ್ಗದ ಸೀಮೆಯಲ್ಲಿ ಇದಕ್ಕೆ ಎಷ್ಟು ಬೇಕಾದರೂ ಸಾಕ್ಷ್ಯವುಂಟು. ಅದೇ ಮಳೆ, ಅದೇ ಬಯಲು. ಆದರೆ ಅದರ ಮೇಲೆ ಹಲವು ಜೀವನಗಳು. ಒಕ್ಕಲಿನವನು ರಾಗಿ, ಜೋಳ, ಸಾವೆಗಳನ್ನು ಬಿತ್ತಿದನು. ಸಾವೆ ಕಡಮೆ ನೀರಿನಲ್ಲಿ, ಬಡಮಣ್ಣಿನಲ್ಲಿ ಬೇಗ ಕೈಗೆ ಬರುವ ಧಾನ್ಯ. ರಾಗಿಯನ್ನು ಹಗೇವಿನಲ್ಲಿ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಕೆಡದು. ಒಳ್ಳೆಯ ವರ್ಷವು ಕೆಟ್ಟ ವರ್ಷಕ್ಕೆ ಸಾಲ ಕೊಡುವ ಬ್ಯಾಂಕು ಅದು. ಕುರುಬರು ಕುರಿಯ ತುಪ್ಪಟದಿಂದ ಕಂಬಳಿ ನೇಯ್ದರು. ಕಾಡುಗೊಲ್ಲರು ಊರಿನಿಂದ ಆಚೆ ಮುಳ್ಳುಬೇಲಿಯ ನಡುವೆ ಹಟ್ಟಿ ಕಟ್ಟಿ, ದನಕುರಿಗಳನ್ನು ಸಾಕಿ, ಜುಂಜಪ್ಪನಂಥ ಪಶುಪಾಲಕ ವೀರನನ್ನು ದೇವರಾಗಿ ಪೂಜಿಸಿ, ಅವನ ಕಥೆಯನ್ನು ತಲೆಮಾರುಗಳಿಂದ ಹಾಡಿಕೊಂಡು ಬಂದರು. ಕಣಿವೆಯ ತಗ್ಗಿನಲ್ಲಿ, ಕೆರೆಯ ಹಿಂದೆ, ತೆಂಗಿನ ತೋಟವನ್ನೆಬ್ಬಿಸಿದವರೂ ಇದ್ದರು. ನೆಲವೊಂದೇ ಎಲ್ಲವನ್ನೂ ನಿರ್ಣಯಿಸುವುದಾಗಿದ್ದರೆ ಇವರೆಲ್ಲ ಒಂದೇ ಬಗೆಯಾಗಿ ಬಾಳಬೇಕಾಗಿತ್ತು.

ಮನುಷ್ಯನು ನೆಲಕ್ಕೆ ಒಗ್ಗುವುದಷ್ಟೇ ಅಲ್ಲ, ನೆಲವನ್ನು ಮಾರ್ಪಡಿಸುತ್ತಾನೆ. ವಿದಾಲನ ಶಿಷ್ಯನಾದ ಜಾನ್ ಬ್ರೂನ್ (1869–1930), ಮನುಷ್ಯನ ಕೆಲಸ ನೆಲದ ಮೇಲೆ ಬಿಟ್ಟ ಕಣ್ಣಿಗೆ ಕಾಣುವ ಗುರುತುಗಳಿಂದಲೇ ಭೂಗೋಳಜ್ಞನು ಮೊದಲುಮಾಡಬೇಕೆಂದನು: ಮನೆ, ದಾರಿ, ಹೊಲ, ಗಣಿ. ಅಮೆರಿಕದ ಕಾರ್ಲ್ ಸಾವರ್ 1925ರಲ್ಲಿ 'ಸಂಸ್ಕೃತಿಭೂದೃಶ್ಯ'ವೆಂಬ ಭಾವನೆಯನ್ನು ವಿವರಿಸಿದನು. ಪ್ರಕೃತಿ ಕೊಟ್ಟ ನೆಲ ಸಾಮಗ್ರಿ, ಸಂಸ್ಕೃತಿ ಕೆಲಸಗಾರ, ನಮಗೆ ಕಾಣುವ ನಾಡು ಅವೆರಡರ ಕೃತಿ.

ಇದಕ್ಕೆ ಮತ್ತೋಡಿಗಿಂತ ಸೊಗಸಾದ ನಿದರ್ಶನ ಬೇಡ. ಅದು ಹೊಸದುರ್ಗದ ತಾಲ್ಲೂಕಿನ ಒಂದು ಹೋಬಳಿಯ ಊರು. 1800–01ರಲ್ಲಿ ಈ ಸೀಮೆಗಳನ್ನು ಸುತ್ತಿದ ಬ್ಯುಕನನ್ ಎಂಬ ವೈದ್ಯನು ಅಲ್ಲಿ ಬಳೆಗೆ ಬೇಕಾದ ಗಾಜನ್ನು ಕರಗಿಸುವ ಕಸುಬನ್ನು ಕಂಡು ವಿವರವಾಗಿ ಬರೆದಿಟ್ಟಿದ್ದಾನೆ. ಅದಕ್ಕೆ ಬೇಕಾದ ಮುಖ್ಯವಸ್ತು ಚೌಳು. ಒಕ್ಕಲಿಗನ ಕಣ್ಣಿಗೆ ಚೌಳುನೆಲ ಶಾಪ. ಅಲ್ಲಿ ಪೈರು ಏಳದು. ಬಳೆಗಾರನ ಕಣ್ಣಿಗೆ ಅದೇ ಚೌಳು, ಬಿಳಿಯ ಕಲ್ಲಿನ ಪುಡಿಯೊಡನೆ ಕುಲುಮೆ ಸೇರಿದರೆ, ಹೆಣ್ಣುಮಕ್ಕಳ ಕೈಯ ಸೌಭಾಗ್ಯ. ನೆಲ ಬದಲಾಗಲಿಲ್ಲ, ಅದನ್ನು ನೋಡುವ ವಿದ್ಯೆ ಬದಲಾಯಿತು. 1933ರಲ್ಲಿ ಎರಿಕ್ ಜಿಮರ್‌ಮನ್ ಎಂಬ ಅರ್ಥಶಾಸ್ತ್ರಜ್ಞನು ಇದನ್ನೇ ತತ್ತ್ವವಾಗಿ ಹೇಳಿದನು: ಸಂಪತ್ತೆಂಬುದು ವಸ್ತುವಿನಲ್ಲಿ ತಾನಾಗಿ ಇರುವುದಲ್ಲ, ಮನುಷ್ಯನ ಬೇಡಿಕೆಯೂ ತಿಳಿವಳಿಕೆಯೂ ಸೇರಿದಾಗ ವಸ್ತು ಸಂಪತ್ತಾಗುತ್ತದೆ. ಚಿತ್ರದುರ್ಗ, ಹೊಸದುರ್ಗಗಳ ಗುಡ್ಡಗಳ ಮೇಲೆ ಗಾಳಿ ಯಾವ ಕಾಲದಿಂದಲೋ ಬೀಸುತ್ತಿದ್ದಿತು. ಕಣದಲ್ಲಿ ಧಾನ್ಯ ತೂರುವುದಕ್ಕೆ ಅದು ಉಪಕಾರಿಯಾಗಿದ್ದಿತು, ಅಷ್ಟೆ. ಇಂದು ಅವೇ ಗುಡ್ಡಗಳ ಸಾಲಿನಲ್ಲಿ ಎತ್ತರದ ಗಾಳಿಯಂತ್ರಗಳು ತಿರುಗಿ ವಿದ್ಯುಚ್ಛಕ್ತಿಯನ್ನು ಹುಟ್ಟಿಸುತ್ತಿವೆ.

ಇನ್ನು ಊರುಗಳ ವಿಚಾರ. ಊರುಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದಿಲ್ಲ, ಅದರಲ್ಲಿ ಒಂದು ಕ್ರಮವುಂಟೆಂದು 1933ರಲ್ಲಿ ಜರ್ಮನಿಯ ವಾಲ್ಟರ್ ಕ್ರಿಸ್ಟಾಲರ್ ತೋರಿಸಿದನು. ಉಪ್ಪು ಮೆಣಸಿನಕಾಯಿಗೆ ಜನ ದೂರ ಹೋಗರು. ಮದುವೆಯ ಜವಳಿಗೆ ಹೋಗುತ್ತಾರೆ. ದೊಡ್ಡ ವೈದ್ಯನಿಗೂ ನ್ಯಾಯಸ್ಥಾನಕ್ಕೂ ಇನ್ನೂ ದೂರ ಹೋಗುತ್ತಾರೆ. ಆದುದರಿಂದ ಸಣ್ಣ ಕೇಂದ್ರಗಳು ಹಲವು, ಅವುಗಳ ಮೇಲೆ ನಡುತರದವು ಕೆಲವು, ಅವುಗಳ ಮೇಲೆ ದೊಡ್ಡದು ಒಂದು. ಇದು ಕೇಂದ್ರಸ್ಥಾನ ಸಿದ್ಧಾಂತ. ಹಳ್ಳಿಯಿಂದ ಮತ್ತೋಡು, ಶ್ರೀರಾಂಪುರ, ಮಾಡದಕೆರೆಯಂಥ ಹೋಬಳಿಯ ಊರು, ಅಲ್ಲಿಂದ ಹೊಸದುರ್ಗದ ಪೇಟೆ, ಅಲ್ಲಿಂದ ಚಿತ್ರದುರ್ಗ, ಕೊನೆಗೆ ಬೆಂಗಳೂರು: ನಮ್ಮ ರೈತನು ಕ್ರಿಸ್ಟಾಲರನ ಹೆಸರು ಕೇಳದೆಯೇ ಆತನ ಮೆಟ್ಟಿಲುಗಳನ್ನು ಹತ್ತಿಳಿಯುತ್ತಾನೆ.

ಆದರೆ ಈ ಮೆಟ್ಟಿಲುಗಳನ್ನು ಕಟ್ಟುವುದು ವ್ಯಾಪಾರವೊಂದೇ ಅಲ್ಲ. ಹೊಸದುರ್ಗಕ್ಕಿಂತ ಬಾಗೂರು ಹಳೆಯದು. ಅಲ್ಲಿಯ ಚೆನ್ನಕೇಶವ ದೇವಾಲಯ ಅದರ ಹಿಂದಿನ ಹಿರಿಮೆಗೆ ಸಾಕ್ಷಿ. 17ನೆಯ ಶತಮಾನದಲ್ಲಿ ಚಿತ್ರದುರ್ಗದ ನಾಯಕರು ಹತ್ತಿರದ ಗುಡ್ಡದ ಮೇಲೆ ಹೊಸ ಕೋಟೆಯನ್ನು ಕಟ್ಟಿದರು. ಕೋಟೆಯ ಕೆಳಗೆ ಪೇಟೆ ಬೆಳೆಯಿತು, ಕಾಲಕ್ರಮದಲ್ಲಿ ಕಛೇರಿಗಳು ಬಂದುವು, ಹಿರಿಯೂರಿಗೆ ಹಿರಿಯತನ ಹೆಸರಿನಲ್ಲಿರುವಂತೆ ಹೊಸದುರ್ಗಕ್ಕೆ ಹೊಸತನ ಹೆಸರಿನಲ್ಲಿಯೇ ಉಳಿಯಿತು. 1880ರ ದಶಕದಲ್ಲಿ ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲುದಾರಿ ಹಾಕಿದಾಗ ಅದು ಪೇಟೆಯ ಹತ್ತಿರ ಬರದೆ ಹಲವು ಮೈಲಿ ದೂರದಲ್ಲಿ ಹಾದುಹೋಯಿತು. ಆ ನಿಲ್ದಾಣಕ್ಕೆ ಹೊಸದುರ್ಗ ರೋಡ್ ಎಂದು ಹೆಸರು. 'ರೋಡ್' ಎಂಬ ಆ ಎರಡಕ್ಷರದಲ್ಲಿ ಒಂದೂರು ಪಡೆಯದೆಹೋದ ಬೆಳವಣಿಗೆಯ ಅಳತೆಯಿದೆ.

ಹೊಸ ಪದ್ಧತಿಗಳು ಹರಡುವುದಕ್ಕೂ ಒಂದು ಭೂಗೋಳವುಂಟು. ಸ್ವೀಡನ್ನಿನ ಹೇಗರ್‌ಸ್ಟ್ರಾಂಡ್ 1953ರಲ್ಲಿ, ನೆರೆಯವನನ್ನು ನೋಡಿ ನೆರೆಯವನು ಕಲಿಯುವುದರಿಂದ ಹೊಸತು ಅಲೆಯಂತೆ ಹಬ್ಬುವುದೆಂದು ನಿರೂಪಿಸಿದನು. ಬೇಸಾಯದ ಹೊಸ ಪದ್ಧತಿಗಳ ಈ ಪ್ರಸರಣವನ್ನು ಕುರಿತು ಆರ್. ಪಿ. ಮಿಶ್ರ ಅವರ ಗ್ರಂಥ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದಲೇ ಹೊರಬಿದ್ದಿತು. ಹೊಸದುರ್ಗದ ತಾಲ್ಲೂಕಿನ ಸಾಣೇಹಳ್ಳಿಯ ಮಠದಿಂದ 'ಶಿವಸಂಚಾರ'ವೆಂಬ ನಾಟಕ ತಂಡ 1997ರಿಂದ ಊರೂರು ತಿರುಗಿ ನಾಟಕವಾಡುತ್ತಿರುವುದೂ ಪ್ರಸರಣವೇ. ಸಣ್ಣ ಹಳ್ಳಿಯೊಂದು ಒಂದು ವಿಷಯದಲ್ಲಿ ಪಟ್ಟಣಗಳಿಗೇ ಕೇಂದ್ರವಾಗಬಹುದೆಂಬುದಕ್ಕೆ ಅದು ದೃಷ್ಟಾಂತ. ಆದರೆ ಹರಡುವುದೆಲ್ಲ ಹಿತವೆಂದಲ್ಲ. ಒಬ್ಬನ ಹೊಲದಲ್ಲಿ ಕೊಳವೆ ಬಾವಿಯ ನೀರು ಚಿಮ್ಮಿ ಅಡಕೆಯ ಸಸಿ ಎದ್ದುದನ್ನು ಕಂಡು ಪಕ್ಕದವನೂ ಕೊರೆಸುತ್ತಾನೆ. ಅವನ ಬಾವಿ ಇನ್ನೂ ಆಳ, ಮೂರನೆಯವನದು ಅದಕ್ಕಿಂತ ಆಳ. ರಾಗಿ ಸಾವೆಗಳ ನೆಲದಲ್ಲಿ ಮಲೆನಾಡಿನ ಬೆಳೆ ಹೀಗೆ ಅಲೆಯಲೆಯಾಗಿ ಹಬ್ಬಿತು. ನೀರಿನ ಮಟ್ಟ ಅದೇ ಅಲೆಯಲ್ಲಿ ಕೆಳಗಿಳಿಯಿತು.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ಮನುಷ್ಯನು ಆರಿಸುತ್ತಾನೆಂದೆವು, ಯಾವ ಮನುಷ್ಯನು? 1973ರಲ್ಲಿ ಸಾಮಾಜಿಕ ನ್ಯಾಯವನ್ನೂ ನಗರವನ್ನೂ ಕುರಿತು ಗ್ರಂಥ ಬರೆದ ಡೇವಿಡ್ ಹಾರ್ವೆ, ಸ್ಥಳದ ಹಂಚಿಕೆಯೆಂಬುದು ಅಧಿಕಾರದ, ಹಣದ ಹಂಚಿಕೆಯೂ ಹೌದೆಂದು ಎತ್ತಿ ತೋರಿಸಿದನು. ಮಾರಿಕಣಿವೆಯನ್ನು ನೋಡಿರಿ. ವೇದಾವತಿ ಗುಡ್ಡಗಳ ಸಂದಿಯಲ್ಲಿ ನುಗ್ಗುವ ಆ ಇಕ್ಕಟ್ಟಿನಲ್ಲಿ 1898ರಿಂದ 1907ರ ವರೆಗೆ ಕಟ್ಟೆ ಕಟ್ಟಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರ ಹೆಸರಿನಲ್ಲಿ ವಾಣೀವಿಲಾಸ ಸಾಗರವನ್ನು ನಿರ್ಮಿಸಿದರು. 130 ಅಡಿ ನೀರು ನಿಲ್ಲುವ ಆ ಸಾಗರ 1933ರಲ್ಲಿ ಕೋಡಿ ಬಿದ್ದಿತು. ಮತ್ತೆ ಕೋಡಿ ಬೀಳುವುದಕ್ಕೆ 2022ರ ವರೆಗೆ, ಎಂದರೆ 89 ವರ್ಷ, ಕಾಯಬೇಕಾಯಿತು. ಹಿರಿಯೂರಿನಲ್ಲಿ ಅದು ಹಬ್ಬ. ಆದರೆ ಸಾಗರದ ಹಿನ್ನೀರು ನಿಲ್ಲುವುದು ಮೇಲಣ ಹೊಸದುರ್ಗದ ನೆಲದ ಮೇಲೆ. ಕಾಲುವೆ ಹರಿಯುವುದು ಕೆಳಗಣ ಹಿರಿಯೂರಿನ ಹೊಲಗಳಿಗೆ. ಒಂದೇ ನೀರು ಒಬ್ಬನಿಗೆ ಬೆಳೆ, ಮತ್ತೊಬ್ಬನಿಗೆ ಮುಳುಗಡೆ. ಚಳ್ಳಕೆರೆಯ ಕಡೆಯ ಅಮೃತಮಹಲ್ ಕಾವಲುಗಳ ಕಥೆಯೂ ಇದೇ. ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ಸಾವಿರಾರು ಎಕರೆ ಹುಲ್ಲುಗಾವಲು ವಿಜ್ಞಾನ, ರಕ್ಷಣೆಗಳ ಸಂಸ್ಥೆಗಳಿಗೆ ಸಂದಿತು. ಭೂಪಟದಲ್ಲಿ ಅದು ಬರಿಯ ಬಯಲು. ಕುರಿ ಕಾಯುವವನಿಗೆ ಬದುಕು.

ಬಯಲು ಎಂಬ ಮಾತಿನಿಂದ ಕೊನೆಯ ಭಾವನೆಗೆ ಬರುತ್ತೇನೆ. ಚೀನದಲ್ಲಿ ಹುಟ್ಟಿ ಅಮೆರಿಕದಲ್ಲಿ ಅಧ್ಯಾಪಕನಾಗಿದ್ದ ಯೀ-ಫೂ ತುವಾನ್ (1930–2022), 1977ರ ತನ್ನ ಗ್ರಂಥದಲ್ಲಿ ಬಯಲಿಗೂ ನೆಲೆಗೂ ಇರುವ ಭೇದವನ್ನು ವಿಚಾರಿಸಿದನು. ಅಳತೆಗೆ ಸಿಕ್ಕುವುದು ಬಯಲು. ಬಾಳಿ, ನೆನೆದು, ಹೆಸರಿಟ್ಟು ತನ್ನದಾಗಿಸಿಕೊಂಡುದು ನೆಲೆ. ಕಾಡುಗೊಲ್ಲನಿಗೆ ಜುಂಜಪ್ಪನ ಹೆಸರು ಹೊತ್ತ ಗುಡ್ಡೆ, ಒಕ್ಕಲಿಗನಿಗೆ ಅಜ್ಜನು ತೂಬೆತ್ತಿದ ಕೆರೆ ಇಂಥ ನೆಲೆಗಳು. ಎಕರೆಗೆ ಇಷ್ಟೆಂದು ಪರಿಹಾರ ಕೊಡುವಾಗ ನಾವು ಬಯಲಿಗೆ ಬೆಲೆ ಕಟ್ಟುತ್ತೇವೆ. ನೆಲೆಗೆ ಬೆಲೆ ಕಟ್ಟುವ ಲೆಕ್ಕ ಇನ್ನೂ ಯಾವ ಕಛೇರಿಯ ಪುಸ್ತಕದಲ್ಲಿಯೂ ಸೇರಿಲ್ಲ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವೇನು? ಆಸ್ಟ್ರೇಲಿಯದ ಗ್ರಿಫಿತ್ ಟೇಲರ್ (1880–1963) ಎಂಬ ಪಂಡಿತನು ಮನುಷ್ಯನನ್ನು ದೊಡ್ಡ ಪಟ್ಟಣದ ವಾಹನಸಂಚಾರ ನೋಡಿಕೊಳ್ಳುವ ಪೊಲೀಸಿನವನಿಗೆ ಹೋಲಿಸಿದನು. ಆತನು ಗಾಡಿಗಳನ್ನು ನಿಲ್ಲಿಸಬಲ್ಲನು, ಬೇಗ ಬಿಡಬಲ್ಲನು. ಬೀದಿಯನ್ನೇ ಬೇರೆ ದಿಕ್ಕಿಗೆ ತಿರುಗಿಸಲಾರನು. ತನ್ನ ದೇಶದ ಒಣಪ್ರದೇಶಗಳಲ್ಲಿ ಕೋಟಿಗಟ್ಟಲೆ ಜನರನ್ನು ನೆಲೆಗೊಳಿಸಬಹುದೆಂಬ ಕನಸನ್ನು ಆತನು ವಿರೋಧಿಸಿ ಜನರ ಕೋಪಕ್ಕೆ ಪಾತ್ರನಾದನು. ಆ ಎಚ್ಚರಿಕೆ ನಮಗೂ ಸಲ್ಲುತ್ತದೆ. ಕೆರೆ ಕಟ್ಟಿದವನೂ ಪ್ರಕೃತಿಯನ್ನು ಮಾರ್ಪಡಿಸಿದನು, ಕೊಳವೆ ಬಾವಿ ಕೊರೆದವನೂ ಮಾರ್ಪಡಿಸಿದನು. ಕೆರೆ ಆ ವರ್ಷದ ಮಳೆಯನ್ನು ಹಿಡಿದು ಆ ವರ್ಷಕ್ಕೆ ಹಂಚಿತು. ಆಳದ ಬಾವಿ ಹಿಂದಿನವರು ಮುಟ್ಟದೆ ಬಿಟ್ಟ, ಮುಂದಿನವರಿಗೆ ಸೇರಬೇಕಾದ ನೀರನ್ನು ಈ ಹೊತ್ತೇ ಎತ್ತುತ್ತದೆ. ಎರಡೂ ಸಾಧ್ಯತೆಗಳೇ, ಒಂದಕ್ಕೆ ಕೊನೆಯಿಲ್ಲ, ಇನ್ನೊಂದಕ್ಕೆ ತಳವುಂಟು. ಭದ್ರೆಯ ನೀರನ್ನು ಮೇಲೆತ್ತಿ ಈ ಸೀಮೆಗೆ ತರುವ ಭದ್ರಾ ಮೇಲ್ದಂಡೆ ಯೋಜನೆಯಿಂದ 2019ರಿಂದೀಚೆಗೆ ವಾಣೀವಿಲಾಸ ಸಾಗರಕ್ಕೆ ನೀರು ಸೇರುತ್ತಿದೆ. ಅದು ಸಂತೋಷವೇ. ಆದರೆ ಬಂದ ನೀರು ಕೆರೆಗಳನ್ನು ತುಂಬಿ ರಾಗಿ, ಸಾವೆ, ತೆಂಗುಗಳನ್ನು ಕಾಯುವುದೋ, ಇನ್ನಷ್ಟು ಬಾಯಾರಿದ ಬೆಳೆಗಳನ್ನು ಎಬ್ಬಿಸುವುದೋ ಎಂಬುದನ್ನು ಭದ್ರೆ ನಿರ್ಣಯಿಸುವುದಿಲ್ಲ.

ಈ ಶಾಸ್ತ್ರದಿಂದ ನಾಗರಿಕರಾದ ನಮಗೆ ದೊರೆಯುವ ಫಲ ಇದು. ಒಂದು ಸೀಮೆಯ ಬಡತನವನ್ನು ಮಳೆಯ ತಲೆಯ ಮೇಲೆ ಹಾಕಿ ಕೈತೊಳೆದುಕೊಳ್ಳುವ ಸೋಮಾರಿತನವನ್ನೂ, ಹಣವಿದ್ದರೆ ಎಲ್ಲಿ ಏನನ್ನಾದರೂ ಬೆಳೆಯಬಹುದೆಂಬ ಗರ್ವವನ್ನೂ ಅದು ಒಟ್ಟಿಗೆ ಬಿಡಿಸುತ್ತದೆ. ನೆಲವು ನಮಗೆ ಕೊಡುವುದು ಆಜ್ಞೆಯನ್ನಲ್ಲ, ಅವಕಾಶವನ್ನು. ಆ ಅವಕಾಶಕ್ಕೆ ಎಲ್ಲೆಯುಂಟು, ಅದರಲ್ಲಿ ಪಾಲುಗಾರರುಂಟು, ಇನ್ನೂ ಹುಟ್ಟದ ಪಾಲುಗಾರರೂ ಉಂಟು. ಮುಂದೆ ಎಂದಾದರೂ ತಾವು ರೈಲಿನಲ್ಲಿ ಆ ಕಡೆ ಪ್ರಯಾಣಮಾಡುವಾಗ ಹೊಸದುರ್ಗ ರೋಡ್ ಎಂಬ ಹಲಗೆ ಕಂಡರೆ, ಕಿಟಕಿಯ ಆಚೆಯ ಕೆಂಪು ನೆಲ ಬರಿಯ ಬಯಲಾಗಿ ತೋರದೆ, ಹಲವು ತಲೆಮಾರುಗಳ ಆಯ್ಕೆಗಳು ಒಂದರ ಮೇಲೊಂದು ಬರೆದಿಟ್ಟ ಹಳೆಯ ಕಡತದಂತೆ ತೋರಲಿ. ಅದರ ಮುಂದಿನ ಪುಟವನ್ನು ಬರೆಯುವ ಲೇಖಣಿ ಈಗ ನಮ್ಮ ಕೈಯಲ್ಲಿದೆ.